ಗುಡುಗುವ ಗಾಡಿಯ ಗುಣದೋಷ ವಿಚಾರ

ಭಾನುವಾರ ಸೂರ್ಯೋದಯಕ್ಕೆ ಮುನ್ನವೇ ಬೆಂಗಳೂರನ್ನು ಬಿಟ್ಟು, ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯನ್ನು ದಾಟಿ, ನಂದಿಬೆಟ್ಟದ ಬುಡವನ್ನು ಸೇರಲು ಆತುರಪಡುವ ಮೋಟಾರ್ ಸೈಕಲ್ಲುಗಳ ಸಾಲಿನಲ್ಲಿ, ಕಾರ್ಖಾನೆಯವರು ಕೊಟ್ಟ ಸೈಲೆನ್ಸರನ್ನು ಕಳಚಿಸಿ ಅದರ ಸ್ಥಾನದಲ್ಲಿ ಗುಡುಗುವ ಮತ್ತೊಂದನ್ನು ಜೋಡಿಸಿಕೊಂಡವು ಯಾವುವೆಂಬುದನ್ನು ರಸ್ತೆಯಿಂದ ಬಹುದೂರ, ತೋಟದ ಮನೆಯಲ್ಲಿ ಮಲಗಿರುವವರೂ ಹೇಳಬಲ್ಲರು. ಬೆಳಗಿನ ಜಾವ ನಾಲ್ಕು ಗಂಟೆಗೇ ಬಡಿಸತೊಡಗುವ ದಮ್ ಬಿರಿಯಾನಿಗಾಗಿ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಹೊಸಕೋಟೆಗೆ ಬರುವವರ ವಿಷಯವೂ, ತುಮಕೂರು ರಸ್ತೆಯಲ್ಲಿ ನೆಲಮಂಗಲವನ್ನು ಹಾದು ಶಿವಗಂಗೆಯ ಕಡೆಗೆ ತಿರುಗುವವರ ವಿಷಯವೂ ಇದಕ್ಕಿಂತ ಭಿನ್ನವಲ್ಲ. ಕೆಲವರ ಹುಚ್ಚೆಂದು ತಳ್ಳಿಹಾಕಲಾಗದಷ್ಟು ವ್ಯಾಪಕವಾಗಿರುವ ಈ ಅಭ್ಯಾಸವನ್ನು ಪೊಲೀಸರ ದಂಡನೆಗೆ ಮಾತ್ರವೇ ಬಿಟ್ಟುಕೊಡದೆ, ಅದರಲ್ಲಿ ದೊರೆಯುವ ಸುಖವೇನು, ಆ ಸುಖಕ್ಕೆ ತೆರಬೇಕಾದ ಬೆಲೆಯೇನು, ಆ ಬೆಲೆಯನ್ನು ತೆರುತ್ತಿರುವವರು ಯಾರು ಎಂಬುದನ್ನು ಸಾವಧಾನದಿಂದ ಪರೀಕ್ಷಿಸುವುದು ಅವಶ್ಯವೆಂದು ನನಗೆ ತೋರುತ್ತದೆ.

ಅದರ ಪಕ್ಷದಲ್ಲಿ ಹೇಳಬೇಕಾದುದನ್ನು ಮೊದಲು ಹೇಳಿಬಿಡಬೇಕು. ಯಂತ್ರದ ನಾದದಲ್ಲಿ ಸೌಂದರ್ಯವಿದೆ. ಅದನ್ನು ಅನುಭವಿಸಬಲ್ಲ ಕಿವಿಯನ್ನು ಅಸಂಸ್ಕೃತವೆಂದು ಹಳಿಯುವುದು ಅನ್ಯಾಯ. 1955ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯು ದಶಕಗಳ ಕಾಲ ತಯಾರಿಸಿದ ಬುಲೆಟ್ಟಿನ 346 ಸಿ.ಸಿ. ಎಂಜಿನ್ನಿಗೆ ಇದ್ದುದು ಒಂದೇ ಸಿಲಿಂಡರು. ಅದರ ವ್ಯಾಸ 70 ಮಿಲಿಮೀಟರು, ಪಿಸ್ಟನ್ನಿನ ಓಟ 90 ಮಿಲಿಮೀಟರು. ಫೋರ್ ಸ್ಟ್ರೋಕ್ ಎಂಜಿನ್ನಾದುದರಿಂದ ಎರಡು ಸುತ್ತಿಗೊಂದು ಸಲ ಮಾತ್ರ ಅದರಲ್ಲಿ ದಹನವಾಗುತ್ತದೆ. ನಿಂತಲ್ಲಿಯೇ ನಿಮಿಷಕ್ಕೆ ಸಾವಿರ ಸುತ್ತಿನಂತೆ ತಿರುಗುತ್ತಿದ್ದರೆ ಸೆಕೆಂಡಿಗೆ ಸುಮಾರು ಎಂಟು ಮಿಡಿತಗಳಾಗುತ್ತವೆ. ಇಷ್ಟು ವಿಳಂಬವಾದ ಮಿಡಿತಗಳನ್ನು ಕಿವಿಯು ಒಂದೊಂದನ್ನಾಗಿ ಗ್ರಹಿಸಬಲ್ಲುದಾದ್ದರಿಂದಲೇ ಬುಲೆಟ್ ಗಾಡಿಯ ಸದ್ದಿನಲ್ಲಿ ಲಯವು ಸ್ಫುಟವಾಗಿ ಕೇಳಿಸುತ್ತದೆ. ಹೆಚ್ಚು ಸಿಲಿಂಡರುಗಳ, ಹೆಚ್ಚು ವೇಗದ ಎಂಜಿನ್ನುಗಳಲ್ಲಿ ಆ ಮಿಡಿತಗಳು ಒಂದರೊಳಗೊಂದು ಬೆರೆತು ಅಖಂಡವಾದ ಸ್ವರವಾಗಿಬಿಡುತ್ತವೆ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚುವವರೆಗೆ ತಯಾರಿಸುತ್ತಿದ್ದ ಯೆಜ್ಡಿಯ ಧ್ವನಿಯನ್ನೂ, 1985ರಲ್ಲಿ ಮಾರುಕಟ್ಟೆಗೆ ಬಂದು ಅದೇ 1996ರಲ್ಲಿ ನಿಂತುಹೋದ ಯಮಾಹಾ ಆರ್‌ಎಕ್ಸ್ 100ರ ಧ್ವನಿಯನ್ನೂ ಕಣ್ಣು ಮುಚ್ಚಿಕೊಂಡೇ ಗುರುತಿಸುವವರು ದೊಡ್ಡಬಳ್ಳಾಪುರದ ಗ್ಯಾರೇಜುಗಳಲ್ಲಿ ಇಂದಿಗೂ ಇದ್ದಾರೆ. ಅವರ ಪ್ರೀತಿ ನಿಜವಾದುದು. ಅದನ್ನು ನಾನು ಗೌರವಿಸುತ್ತೇನೆ.

ಆದರೆ ಅವರು ಪ್ರೀತಿಸಿದ ಆ ಧ್ವನಿ ಸೈಲೆನ್ಸರಿನ ಸಹಾಯದಿಂದಲೇ ರೂಪುಗೊಂಡಿತೆಂಬುದನ್ನು ಮರೆಯಬಾರದು. ದಹನವಾದೊಡನೆ ಕವಾಟವು ತೆರೆದು, ಮಹಾ ಒತ್ತಡದಲ್ಲಿರುವ ಉಷ್ಣವಾಯುವು ಹೊರಕ್ಕೆ ಚಿಮ್ಮುವಾಗ ಹುಟ್ಟುವುದು ಸ್ಫೋಟವೇ ಹೊರತು ಸಂಗೀತವಲ್ಲ. ಆ ವಾಯುವನ್ನು ವಿಶಾಲವಾದ ಕೋಣೆಗಳಲ್ಲಿ ಹಿಗ್ಗಲು ಬಿಟ್ಟು, ರಂಧ್ರಗಳುಳ್ಳ ನಳಿಕೆಗಳಲ್ಲಿಯೂ ಅಡ್ಡತಗಡುಗಳ ನಡುವೆಯೂ ಸುತ್ತಿಸಿ, ಹಿಂದಿರುಗುವ ಅಲೆಯಿಂದ ಮುಂಬರುವ ಅಲೆಯನ್ನು ಶಮನಗೊಳಿಸಿ, ಕರ್ಕಶವಾದ ಉಚ್ಚಸ್ವರಗಳನ್ನು ಹೀರಿಕೊಂಡು ಗಂಭೀರವಾದ ಮಂದ್ರವನ್ನು ಮಾತ್ರ ಹೊರಬಿಡುವುದು ಸಾಮಾನ್ಯ ಕೌಶಲವಲ್ಲ. ಯೆಜ್ಡಿ, ಆರ್‌ಎಕ್ಸ್‌ಗಳಂತಹ ಟೂ ಸ್ಟ್ರೋಕ್ ಗಾಡಿಗಳಲ್ಲಂತೂ ಹೊರನಳಿಕೆಯ ಆಕಾರವು ಎಂಜಿನ್ನಿನ ಅಂಗವೇ ಆಗಿದೆ. ಅಲ್ಲಿಂದ ಪ್ರತಿಫಲಿಸಿ ಬರುವ ಒತ್ತಡದ ಅಲೆಯು, ಸುಡದೆ ಹೊರಬೀಳಲಿದ್ದ ಪೆಟ್ರೋಲು ಗಾಳಿಯ ಮಿಶ್ರಣವನ್ನು ಮರಳಿ ಸಿಲಿಂಡರಿನೊಳಕ್ಕೆ ನೂಕುತ್ತದೆ. ಅಂತಹ ನಳಿಕೆಯ ಹೊಟ್ಟೆಯನ್ನು ಕೊಯ್ದು ಬರಿದುಮಾಡಿದವನು ಶಬ್ದವನ್ನು ಗಳಿಸಿ ಶಕ್ತಿಯನ್ನು ಕಳೆದುಕೊಳ್ಳುತ್ತಾನೆ.

ಈಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳಲು ಸಿಕ್ಕುವ ವಸ್ತುಗಳನ್ನು ನೋಡಿರಿ. ಪಂಜಾಬ್, ಇಂದೋರಿ, ಗೋಲ್ಡ್ ಸ್ಟಾರ್, ಶಾರ್ಟ್ ಬಾಟಲ್ ಎಂದು ನಾನಾ ನಾಮಧೇಯಗಳಿಂದ ಕರೆಯಿಸಿಕೊಳ್ಳುವ ಇವುಗಳಲ್ಲಿ ಬಹುಪಾಲಿನ ಒಳಗೆ ಇರುವುದು ತೂತುಗಳುಳ್ಳ ಒಂದು ನೇರ ಕೊಳವೆ, ಅದರ ಸುತ್ತ ಒಂದಿಷ್ಟು ಗ್ಲಾಸ್ ವುಲ್. ಕೆಲವಕ್ಕೆ ಅದೂ ಇಲ್ಲ. ಸದ್ದನ್ನು ತಗ್ಗಿಸುವ ಡಿಬಿ ಕಿಲ್ಲರ್ ಎಂಬ ಬಿರಡೆಯನ್ನು ಬಾಯಿಗೆ ತೊಡಿಸಿ ಮಾರುವುದುಂಟು. ಕೊಂಡವನು ಮೊದಲು ಕಿತ್ತುಹಾಕುವುದು ಅದನ್ನೇ. ಗಾಡಿಗೆ ಬಲ ಬರುತ್ತದೆಂಬ ಮಾತು ಅಂಗಡಿಯಲ್ಲಿ ಧಾರಾಳವಾಗಿ ಕೇಳಬರುತ್ತದೆ. ಎಂಜಿನ್ನು, ಇಂಧನ, ಹೊರನಳಿಕೆ ಈ ಮೂರನ್ನೂ ಒಂದಕ್ಕೊಂದು ಹೊಂದಿಸಿ ಸಿದ್ಧಪಡಿಸುವ ಪಂದ್ಯದ ಗಾಡಿಯ ಮಾತು ಬೇರೆ. ನಿತ್ಯಸಂಚಾರದ ಗಾಡಿಯಲ್ಲಿ ನಳಿಕೆಯೊಂದನ್ನೇ ಬದಲಾಯಿಸಿದರೆ ಹೆಚ್ಚುವ ಬಲ ಗಣನೆಗೆ ಬಾರದಷ್ಟು; ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ಕುಗ್ಗಿ ಎಂಜಿನ್ನು ಅತಿಯಾಗಿ ಕಾಯುವ ಸಂಭವವೂ ಇದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮಕ್ಕೆ ಅನುಸಾರವಾದ ಗಾಡಿಗಳಲ್ಲಿ, ವಿಷಾನಿಲವನ್ನು ಶೋಧಿಸುವ ಕ್ಯಾಟಲಿಟಿಕ್ ಕನ್ವರ್ಟರು ಈ ಹೊರನಳಿಕೆಯ ಮಾರ್ಗದಲ್ಲಿಯೇ ಇರುವುದರಿಂದ, ಅದೂ ಸೈಲೆನ್ಸರಿನೊಡನೆ ಹೊರಹೋದರೆ ಶಬ್ದದ ಜತೆಗೆ ವಿಷವೂ ಊರಿನ ಪಾಲಾಗುತ್ತದೆ.

ಪಟಾಕಿ ಹೊಡೆಸುವುದು ಎಂಬ ಇನ್ನೊಂದು ವಿನೋದವುಂಟು. ಓಡುತ್ತಿರುವ ಗಾಡಿಯ ಕಿಡಿಯನ್ನು ಸ್ವಿಚ್ಚಿನಿಂದ ಕ್ಷಣಕಾಲ ನಿಲ್ಲಿಸಿದರೆ, ಸುಡದ ಪೆಟ್ರೋಲು ಕಾದ ನಳಿಕೆಯೊಳಕ್ಕೆ ಹೋಗಿ ಅಲ್ಲಿ ಸ್ಫೋಟಿಸುತ್ತದೆ. ದೇವಸ್ಥಾನದ ಮುಂದೆ, ಕಾಲೇಜಿನ ಗೇಟಿನ ಬಳಿ, ನಡೆದುಹೋಗುವ ಹೆಂಗಸರ ಬೆನ್ನ ಹಿಂದೆ ಇದನ್ನು ಮಾಡತಕ್ಕ ತರುಣನಿಗೆ ಯಂತ್ರದ ಮೇಲೆ ಪ್ರೀತಿಯಿದೆಯೆಂದು ನಾನು ಒಪ್ಪಲಾರೆನು. ಪರರು ಬೆಚ್ಚುವುದನ್ನು ಕಂಡು ಪಡುವ ಸಂತೋಷದಲ್ಲಿ ಕಲೆಯೂ ಇಲ್ಲ, ಪೌರುಷವೂ ಇಲ್ಲ.

ಗುಡುಗುವ ಸೈಲೆನ್ಸರಿನ ಪಕ್ಷದವರ ವಾದಗಳಲ್ಲಿ ಬಲವುಳ್ಳದ್ದು ಸುರಕ್ಷತೆಯ ವಾದ. ಹೆದ್ದಾರಿಯಲ್ಲಿ ಲಾರಿಯವರ ಕಣ್ಣಿಗೆ ಬೀಳದ ದ್ವಿಚಕ್ರಿಯು ಅವರ ಕಿವಿಗಾದರೂ ಬೀಳಲಿ, ಸದ್ದು ಜೀವವನ್ನು ಉಳಿಸುತ್ತದೆ ಎಂಬುದು ಅಮೆರಿಕದ ಸವಾರರಲ್ಲಿ ಹುಟ್ಟಿ ಇಲ್ಲಿಗೂ ಬಂದ ನಂಬಿಕೆ. ಕ್ಯಾಲಿಫೋರ್ನಿಯದಲ್ಲಿ ಹ್ಯಾರಿ ಹರ್ಟ್ ಎಂಬ ತಜ್ಞರು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸವಾರನಿಗೆ ಒದಗುವ ಅಪಾಯದಲ್ಲಿ ಮುಕ್ಕಾಲಿಗೂ ಹೆಚ್ಚು ಭಾಗ ಅವನ ಮುಂಭಾಗದಿಂದಲೇ ಬರುತ್ತದೆ. ಸೈಲೆನ್ಸರಿನ ಬಾಯಿಯಾದರೋ ಹಿಂದಕ್ಕೆ ತೆರೆದಿದೆ. ಎದುರಿನಿಂದ ಬರುವ ಲಾರಿಯ ಚಾಲಕನಿಗೆ, ಅವನ ಎಂಜಿನ್ನಿನ ಆರ್ಭಟದ ನಡುವೆ ಆ ಸದ್ದು ಕೇಳಿಸುವ ಹೊತ್ತಿಗೆ ಎಚ್ಚರಿಕೆಯ ಕಾಲ ಮೀರಿರುತ್ತದೆ. ಕೇಳಬೇಕಾದವನಿಗೆ ಕೇಳದ ಅದು ಹಿಂದೆ ಉಳಿದ ಊರಿಗೆಲ್ಲಾ ಚೆನ್ನಾಗಿ ಕೇಳುತ್ತದೆ. ಹಗಲಿನಲ್ಲಿಯೂ ಉರಿಯುವ ದೀಪ, ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ, ಹೆಲ್ಮೆಟ್ಟು, ಮಿತವಾದ ವೇಗ ಇವನ್ನು ಬಿಟ್ಟು ಸದ್ದನ್ನೇ ಕವಚವೆಂದು ನಂಬುವುದು ಅಪಾಯಕರವಾದ ಭ್ರಮೆ.

ಇಷ್ಟಾದರೂ ನನ್ನ ಮುಖ್ಯವಾದ ಆಕ್ಷೇಪಣೆ ಯಂತ್ರಶಾಸ್ತ್ರದ್ದಲ್ಲ, ನೆರೆಹೊರೆಯ ಧರ್ಮದ್ದು. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಎಷ್ಟೆಂದರೆ ಪಕ್ಕದಲ್ಲಿ ನಿಂತವರೊಡನೆಯೂ ಕೂಗಿ ಮಾತನಾಡಬೇಕು. ಇಷ್ಟು ಸದ್ದನ್ನು ಸಹಿಸಿದ ಊರಿಗೆ ಇನ್ನೊಂದು ಬೈಕಿನ ಸದ್ದು ಭಾರವೇ ಎಂದು ಕೇಳುವವರಿದ್ದಾರೆ. ವ್ಯತ್ಯಾಸವನ್ನು ಅವರು ಗಮನಿಸಬೇಕು. ಮಗ್ಗದ ಸದ್ದು ದುಡಿಮೆಯಿಂದ ಹುಟ್ಟಿದ್ದು. ಅದರ ಹಿಂದೆ ಒಂದು ಸೀರೆಯಿದೆ, ಒಂದು ಸಂಸಾರದ ಅನ್ನವಿದೆ. ಅದು ಏಕಪ್ರಕಾರವಾಗಿ ನಡೆಯುವುದರಿಂದ ತೊಟ್ಟಿಲಿನ ಕೂಸೂ ಅದಕ್ಕೆ ಒಗ್ಗಿ ನಿದ್ರಿಸುತ್ತದೆ. ಅದೇ ಕೂಸು ಬೀದಿಯಲ್ಲಿ ಹಠಾತ್ತಾಗಿ ಸಿಡಿದ ಒಂದು ಸದ್ದಿಗೆ ಚೀರಿ ಏಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನೇಕಾರನು ತನ್ನ ಸದ್ದಿನೊಡನೆ ತಾನೇ ಬಾಳುತ್ತಾನೆ, ಅದರ ಹಾನಿಯನ್ನು ತನ್ನ ಕಿವಿಯಲ್ಲಿಯೇ ಹೊರುತ್ತಾನೆ. ಸವಾರನಾದರೋ ತನ್ನ ಸದ್ದನ್ನು ಪರರ ಬಾಗಿಲಿನಲ್ಲಿ ಚೆಲ್ಲಿ ಮುಂದಿನ ಕ್ಷಣದಲ್ಲಿ ಅಲ್ಲಿರುವುದಿಲ್ಲ. ಯಾವ ಊರಿನಲ್ಲಿ ಯಾರು ಎದ್ದರು, ಯಾವ ರೋಗಿಯು ಬೆಚ್ಚಿದನು, ಡೇರಿಗೆ ಹಾಲು ಹಾಕಿ ಹಸುವನ್ನು ಹೊಡೆದುಕೊಂಡು ಬರುತ್ತಿದ್ದ ಯಾವ ಮುದುಕಿಯ ಕೈಯಿಂದ ಹಗ್ಗ ಜಾರಿತು ಎಂಬುದು ಅವನಿಗೆ ಎಂದೂ ತಿಳಿಯುವುದಿಲ್ಲ. ಈ ಅಭ್ಯಾಸವು ಬೆಳೆದಿರುವುದೇ ಹಾಗೆ ತಿಳಿಯದಿರುವುದರಿಂದ.

ಬೆಟ್ಟದ ತಪ್ಪಲಿನ ಊರುಗಳಿಗೆ ಇನ್ನೊಂದು ಕಷ್ಟವುಂಟು. ಚಳಿಗಾಲದ ನಸುಕಿನಲ್ಲಿ ನೆಲದ ಬಳಿಯ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿರುವಾಗ, ಮೇಲಕ್ಕೆ ಚದುರಿಹೋಗಬೇಕಾದ ಶಬ್ದವು ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತದೆ. ಹಗಲಿನಲ್ಲಿ ಕೇಳಿಸದಷ್ಟು ದೂರಕ್ಕೂ ಆಗ ಕೇಳಿಸುತ್ತದೆ. ಸವಾರರು ಸೂರ್ಯೋದಯಕ್ಕೆಂದು ಆರಿಸಿಕೊಂಡಿರುವುದು ಆ ಗಳಿಗೆಯನ್ನೇ. ದೇವನಹಳ್ಳಿಯ ಜನ, ಅಲ್ಲಿ ವಿಮಾನ ನಿಲ್ದಾಣ ತೆರೆದ 2008ರ ಮೇ ತಿಂಗಳಿಂದ, ವಿಮಾನಗಳ ಸದ್ದನ್ನೂ ಹೊತ್ತಿದ್ದಾರೆ. ಆದರೆ ವಿಮಾನದ ಎಂಜಿನ್ನನ್ನು ತಯಾರಿಸುವವರು ಕಳೆದ ಅರ್ಧಶತಮಾನದಲ್ಲಿ ಅದರ ಆರ್ಭಟವನ್ನು ತಗ್ಗಿಸಲು ಅಪಾರವಾಗಿ ಶ್ರಮಿಸಿ ಬಹುಮಟ್ಟಿಗೆ ಯಶಸ್ವಿಗಳಾಗಿದ್ದಾರೆ. ಅದರ ಕೆಳಗಿನ ರಸ್ತೆಯಲ್ಲಿ ಮಾತ್ರ, ತಗ್ಗಿಸಿ ಕೊಟ್ಟ ಸದ್ದನ್ನು ಹಣ ತೆತ್ತು ಹೆಚ್ಚಿಸಿಕೊಳ್ಳಲಾಗುತ್ತಿದೆ.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮವು, ಎಂಜಿನ್ನಿನಿಂದ ಹೊರಡುವ ಶಬ್ದವನ್ನು ಸಾಧ್ಯವಿದ್ದಷ್ಟೂ ತಗ್ಗಿಸುವ ಸಾಧನವು ಪ್ರತಿಯೊಂದು ವಾಹನದಲ್ಲಿಯೂ ಇರತಕ್ಕದ್ದೆಂದು ವಿಧಿಸುತ್ತದೆ. ತಯಾರಿಕೆಯ ಹಂತದಲ್ಲಿ 80ರಿಂದ 175 ಸಿ.ಸಿ.ವರೆಗಿನ ದ್ವಿಚಕ್ರಿಗೆ 77 ಡೆಸಿಬೆಲ್, ಅದಕ್ಕೂ ದೊಡ್ಡದಕ್ಕೆ 80 ಡೆಸಿಬೆಲ್ ಮಿತಿ. ಡೆಸಿಬೆಲ್ಲಿನ ಲೆಕ್ಕದಲ್ಲಿ ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಮಡಿಯಾಗುತ್ತದೆ. ನೂರನ್ನು ಮುಟ್ಟಿದ ಗಾಡಿಯು ಎಂಬತ್ತರದ್ದಕ್ಕಿಂತ ನೂರು ಮಡಿ ಶಕ್ತಿಯನ್ನು ಕಿವಿಗಳ ಮೇಲೆ ಸುರಿಯುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಆ ರಾತ್ರಿ ಮುಗಿಯುವುದು ಬೆಳಗಿನ ಆರು ಗಂಟೆಗೆ. ಯಾರನ್ನೂ ಬಲಾತ್ಕಾರದ ಶ್ರೋತೃವನ್ನಾಗಿ ಮಾಡುವ ಹಕ್ಕು ಯಾರಿಗೂ ಇಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2005ರ ಜುಲೈನಲ್ಲಿಯೇ ಸ್ಪಷ್ಟಪಡಿಸಿದೆ. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯ ನಂತರ, ಶಬ್ದನಿಯಂತ್ರಣದ ಮಾನಕಗಳನ್ನು ಮೀರಿ ಗಾಡಿಯನ್ನು ಓಡಿಸುವವನಿಗೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಹತ್ತು ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ ಉಂಟು.

ಆದರೂ ಫಲ ಕಡಮೆ. ಪೊಲೀಸರು ಆಗಾಗ ಕಾರ್ಯಾಚರಣೆ ನಡೆಸಿ, ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸುತ್ತಾರೆ. ರಾಜ್ಯದ ಹಲವು ಪಟ್ಟಣಗಳಲ್ಲಿ ಈ ದೃಶ್ಯವನ್ನು ಜನ ಕಂಡಿದ್ದಾರೆ. ಅದರಿಂದ ಒಂದೆರಡು ವಾರ ಭಯವಿರುತ್ತದೆ. ಮಾರಿದ ಅಂಗಡಿಯೂ ಜೋಡಿಸಿದ ಗ್ಯಾರೇಜೂ ಅಬಾಧಿತವಾಗಿ ಉಳಿದು, ಕೊಂಡ ಹುಡುಗನೊಬ್ಬನೇ ದಂಡ ತೆರುವ ಏರ್ಪಾಡಿನಲ್ಲಿ ಸ್ಥಾಯಿಯಾದ ಸುಧಾರಣೆಯನ್ನು ನಿರೀಕ್ಷಿಸಲಾಗದು. ಇನ್ನು ಜನರ ಸಹನೆ ತೀರಿದಾಗ ಏನಾಗುತ್ತದೆಂಬುದನ್ನು 2024ರ ಆಗಸ್ಟಿನಲ್ಲಿ ನೆಲಮಂಗಲದ ಸಮೀಪದ ಅಡಕಮಾರನಹಳ್ಳಿಯಲ್ಲಿ ಕಂಡೆವು: ತುಮಕೂರು ಹೆದ್ದಾರಿಯಲ್ಲಿ ವ್ಹೀಲಿಂಗ್ ಮಾಡುತ್ತಿದ್ದವರ ಎರಡು ಸ್ಕೂಟರುಗಳನ್ನು ರೊಚ್ಚಿಗೆದ್ದ ಜನ ಮೇಲ್ಸೇತುವೆಯಿಂದ ಕೆಳಗೆ ಎಸೆದರು. ಅಲ್ಲಿನ ಅಪರಾಧ ಶಬ್ದದ್ದಲ್ಲ, ವ್ಹೀಲಿಂಗಿನದು. ಜನರು ಮಾಡಿದ್ದೂ ತಪ್ಪೇ, ಕೆಳಗೆ ಒಬ್ಬ ಮನುಷ್ಯನಿದ್ದಿದ್ದರೆ ಗತಿಯೇನು? ಆದರೆ ಸಾರ್ವಜನಿಕ ರಸ್ತೆಯನ್ನು ತಮ್ಮ ಆಟದ ಅಂಗಳವೆಂದು ತಿಳಿದವರ ಬಗೆಗೆ ಈ ಸೀಮೆಯಲ್ಲಿ ಎಷ್ಟು ಕೋಪ ಶೇಖರವಾಗಿದೆಯೆಂಬುದಕ್ಕೆ ಅದು ಸಾಕ್ಷಿ, ಮತ್ತು ಆ ಕೋಪವು ಸಾಧುವಾದ ಸವಾರನನ್ನೂ ದುಷ್ಟನಾದವನನ್ನೂ ಬೇರ್ಪಡಿಸಿ ನೋಡುವುದಿಲ್ಲ.

ನನ್ನ ತೀರ್ಮಾನವನ್ನು ಹೇಳುವುದಾದರೆ, ಈ ಅಭ್ಯಾಸವು ಕಲೆಯಾಗಿ ಒರಟು, ಯಂತ್ರವಿದ್ಯೆಯಾಗಿ ದುರ್ಬಲ, ನೆರೆಹೊರೆಯ ಧರ್ಮವಾಗಿ ಅಕ್ಷಮ್ಯ. ಬುಲೆಟ್ಟಿನ ಲಯವನ್ನು ಪ್ರೀತಿಸುವವನಿಗೆ ಅದನ್ನು ಕೇಳಲು ಕಾರ್ಖಾನೆಯ ಸೈಲೆನ್ಸರೇ ಸಾಕು. ಅವನಿಗೆ ಕೇಳಿಸಿದರೆ ಸಾಲದೆ, ಊರಿಗೂ ಕೇಳಿಸಬೇಕೆಂಬ ಹಟ ಬೇರೆಯದು. ಈ ಮಾತನ್ನು ಓದುತ್ತಿರುವ ಸವಾರರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಬಿಚ್ಚಿಸಿದ ಹಳೆಯ ಸೈಲೆನ್ಸರು ನಿಮ್ಮಲ್ಲಿ ಬಹುಮಂದಿಯ ಮನೆಯ ಅಟ್ಟದ ಮೇಲೆ ಇನ್ನೂ ಇದ್ದೇ ಇರುತ್ತದೆ. ಕೆಳಗಿಳಿಸಿ, ಪರಿಚಯದ ಮೆಕ್ಯಾನಿಕ್ಕಿನ ಬಳಿಗೆ ಒಯ್ದು, ಬರುವ ಭಾನುವಾರದೊಳಗಾಗಿ ಜೋಡಿಸಿಕೊಳ್ಳಿರಿ. ಅರ್ಧ ಗಂಟೆಯ ಕೆಲಸ.