ಬಾಲಕಥೆಗಳಲ್ಲಿ ಚಿತ್ರದ ವ್ಯಾಪಾರ

ಮಕ್ಕಳ ಕಥಾಪುಸ್ತಕಗಳಲ್ಲಿ ಚಿತ್ರಗಳಿರಬೇಕೆಂಬುದನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಏತಕ್ಕಾಗಿ ಇರಬೇಕೆಂಬುದನ್ನು ವಿಚಾರಿಸಿದವರು ಮಾತ್ರ ವಿರಳ. ವಿದ್ವಾಂಸರ ನಡುವೆ ಈ ಪ್ರಸ್ತಾಪವು ಬಂದಾಗ ಎರಡು ಪಕ್ಷಗಳು ಕೇಳಿಬರುವುವು. ಚಿತ್ರವು ಮಗುವನ್ನು ಪುಸ್ತಕದ ಕಡೆಗೆ ಸೆಳೆಯುವ ಬೆಲ್ಲದ ಚೂರು, ಓದು ಬಂದ ಮೇಲೆ ಅದರ ಪ್ರಯೋಜನವು ಮುಗಿಯಿತು ಎಂಬುದು ಒಂದು. ಮಗುವು ತಾನೇ ಮನಸ್ಸಿನಲ್ಲಿ ರೂಪಿಸಿಕೊಳ್ಳಬೇಕಾದುದನ್ನು ಅನ್ಯರು ರೂಪಿಸಿಕೊಟ್ಟು ಅದರ ಕಲ್ಪನಾಶಕ್ತಿಯನ್ನು ಜಡಗೊಳಿಸುವರು ಎಂಬುದು ಇನ್ನೊಂದು. ಸಂಸ್ಕೃತ ಪಾಠಶಾಲೆಯಲ್ಲಿ ಬಾಯಿಪಾಠದಿಂದಲೇ ಬೆಳೆದ ನಾವು ಬಹುಕಾಲ ಎರಡನೆಯ ಪಕ್ಷವನ್ನೇ ಹಿಡಿದಿದ್ದೆವು. ಒಂದು ಗೆರೆಯ ಚಿತ್ರವೂ ಇಲ್ಲದ ಪುಸ್ತಕದಲ್ಲಿ ಪಂಚತಂತ್ರವನ್ನು ಓದಿ, ಪಿಂಗಲಕನನ್ನೂ ಸಂಜೀವಕನನ್ನೂ ನಮ್ಮ ಕಣ್ಣಿನಿಂದಲೇ ಕಂಡೆವಲ್ಲವೆ ಎಂಬ ಅಭಿಮಾನವೂ ಇದ್ದಿತು. ಕೆಲವು ಉತ್ತಮ ಪುಸ್ತಕಗಳನ್ನು ಸಾವಧಾನವಾಗಿ ಪರಿಶೀಲಿಸಿದ ಬಳಿಕ ಆ ಮತವನ್ನು ಬಿಡಬೇಕಾಯಿತು. ಅದಕ್ಕೆ ಕಾರಣವಾದ ಅಂಶಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡು ಪಕ್ಷಗಳಿಗೂ ಮೂಲವಾದ ಭ್ರಾಂತಿಯು ಒಂದೇ. ಮಾತು ಹೇಳಿದುದನ್ನೇ ಚಿತ್ರವು ಮರಳಿ ತೋರಿಸುವುದೆಂದು ಇಬ್ಬರೂ ಭಾವಿಸಿರುವರು. ಕಾಗೆಯು ಹೂಜಿಯೊಳಕ್ಕೆ ಕಲ್ಲು ಹಾಕಿತು ಎಂಬ ವಾಕ್ಯದ ಕೆಳಗೆ ಕೊಕ್ಕಿನಲ್ಲಿ ಕಲ್ಲು ಹಿಡಿದ ಕಾಗೆಯನ್ನು ಬರೆದರೆ ಅದು ಅನುವಾದಮಾತ್ರವಾಗುವುದು. ಕಾವ್ಯದಲ್ಲಾಗಿದ್ದರೆ ಅದನ್ನು ಪುನರುಕ್ತಿದೋಷವೆನ್ನುತ್ತಿದ್ದೆವು. ಜೀವಂತವಾದ ಚಿತ್ರದ ಕೆಲಸವು ಬೇರೆ. ಮಾತು ಎಲ್ಲಿ ನಿಲ್ಲುವುದೋ ಅಲ್ಲಿಂದ ಮುಂದಕ್ಕೆ ಅದು ಹೋಗುವುದು. ಅಂತಹ ಚಿತ್ರದ ವ್ಯಾಪಾರವು ವ್ಯಂಜನೆಯೇ ಹೊರತು ಅಭಿಧೆಯಲ್ಲ ಎಂಬುದು ನಮ್ಮ ಸಿದ್ಧಾಂತ. ವ್ಯಂಜನೆಯು ಶಬ್ದಕ್ಕೆ ಸೇರಿದುದು, ಬಣ್ಣಕ್ಕೂ ರೇಖೆಗೂ ಅದನ್ನು ಹೇಳುವುದು ಹೇಗೆ ಎಂದು ಶಾಸ್ತ್ರಜ್ಞರು ಶಂಕಿಸಬಹುದು. ಈ ಶಂಕೆಗೆ ಧ್ವನ್ಯಾಲೋಕದಲ್ಲಿಯೇ ಸಮಾಧಾನವಿದೆ. ಅರ್ಥವನ್ನು ವಾಚ್ಯವಾಗಿ ಹೇಳದ ಸಂಗೀತಸ್ವರವೂ ರಸವನ್ನು ಹೊಳೆಯಿಸುವುದು, ಶಬ್ದವೇ ಅಲ್ಲದ ಅಂಗಚೇಷ್ಟೆಯೂ ಅರ್ಥವಿಶೇಷವನ್ನು ಸೂಚಿಸುವುದು ಎಂದು ಆನಂದವರ್ಧನನು ತೃತೀಯೋದ್ಯೋತದಲ್ಲಿ ಒಪ್ಪಿಕೊಂಡಿರುವನು. ಚೇಷ್ಟೆಗೆ ಆ ಶಕ್ತಿಯಿದ್ದರೆ, ಚೇಷ್ಟೆಯನ್ನು ಹಿಡಿದು ನಿಲ್ಲಿಸುವ ಚಿತ್ರಕ್ಕೆ ಅದು ಇಲ್ಲವೆನ್ನಲು ಕಾರಣವಿಲ್ಲ. ನೃತ್ತಶಾಸ್ತ್ರವನ್ನು ಅರಿಯದವನಿಗೆ ಚಿತ್ರಸೂತ್ರವು ದುರ್ಬೋಧವೆಂದು ವಿಷ್ಣುಧರ್ಮೋತ್ತರದಲ್ಲಿ ಮಾರ್ಕಂಡೇಯನು ವಜ್ರನಿಗೆ ಹೇಳುವುದರ ತಾತ್ಪರ್ಯವೂ ಇದೇ ದಿಕ್ಕಿನಲ್ಲಿದೆ.

ಕಥೆಯನ್ನು ಹೀಗೆ ಚಿತ್ರಿಸುವ ಕಲೆಯು ನಮ್ಮಲ್ಲಿ ಹೊಸದಲ್ಲ. ಮಹಾಬಲಿಪುರದಲ್ಲಿ ಪಲ್ಲವರ ಕಾಲದ, ಏಳನೆಯ ಶತಮಾನದ ಮಹಾಶಿಲಾಫಲಕವನ್ನು ನೋಡಿದವರು ಅಲ್ಲಿರುವ ಬೆಕ್ಕನ್ನು ಮರೆತಿರಲಾರರು. ಉದ್ಯೋಗಪರ್ವದಲ್ಲಿ ದುರ್ಯೋಧನನು ಉಲೂಕನ ಮೂಲಕ ಹೇಳಿಕಳುಹಿಸುವ ಕಪಟತಪಸ್ವಿಯಾದ ಬೆಕ್ಕಿನ ಕಥೆಯು ಅದು ಎಂದು ಊಹಿಸಲು ಅಡ್ಡಿಯಿಲ್ಲ. ಕಥೆಯಲ್ಲಿ ಬೆಕ್ಕು ಇಲಿಗಳನ್ನು ತಿನ್ನುವುದು. ಶಿಲ್ಪಿಯು ಅದನ್ನು ತೋರಿಸಿಲ್ಲ. ಮುಂಗಾಲುಗಳನ್ನು ಮೇಲೆತ್ತಿ ನಿಂತ ಬೆಕ್ಕು, ಸುತ್ತಲೂ ನಿಶ್ಚಿಂತವಾಗಿರುವ ಇಲಿಗಳು, ಇಷ್ಟೇ ಅಲ್ಲಿರುವುದು. ಅದೇ ಬಂಡೆಯ ಮೇಲೆ ತೋಳುಗಳನ್ನೆತ್ತಿ ಒಂಟಿ ಕಾಲಿನಲ್ಲಿ ನಿಂತ ನಿಜವಾದ ತಪಸ್ವಿಯೂ ಇರುವನು. ಬೆಕ್ಕು ಯಾರನ್ನು ಅನುಕರಿಸುತ್ತಿದೆಯೆಂಬುದನ್ನು ನೋಡುವವನು ತಾನೇ ಕಂಡುಹಿಡಿಯಬೇಕು. ಭಕ್ಷಣವನ್ನು ಕೆತ್ತಿದ್ದರೆ ಭಯಾನಕವು ಉಳಿದು ಹಾಸ್ಯವು ಹೋಗುತ್ತಿದ್ದಿತು. ಕಥೆಯ ಯಾವ ಕ್ಷಣದಲ್ಲಿ ನಿಲ್ಲಬೇಕೆಂಬ ವಿವೇಕವು ಚಿತ್ರಕಾರನ ಮೊದಲನೆಯ ಗುಣ.

ಇದು ಬಂಡೆಯ ಮಾತಾಯಿತು. ಪುಸ್ತಕದಲ್ಲಿ ಚಿತ್ರವು ಮಾತಿನ ಮಗ್ಗುಲಲ್ಲಿಯೇ ಇರುವುದರಿಂದ ವಿವೇಕವು ಇನ್ನೂ ಸೂಕ್ಷ್ಮವಾಗಬೇಕು. ಇದಕ್ಕೆ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ (೧೮೬೬–೧೯೪೩) ಅವರ 'ಪೀಟರ್ ರ‍್ಯಾಬಿಟ್' ಉತ್ತಮ ನಿದರ್ಶನ. ಅವರು ೧೮೯೩ರ ಸೆಪ್ಟೆಂಬರಿನಲ್ಲಿ ತಮ್ಮ ಹಿಂದಿನ ಉಪಾಧ್ಯಾಯಿನಿಯ ಮಗನು ಕಾಯಿಲೆಯಲ್ಲಿದ್ದಾಗ ಅವನಿಗೆ ಈ ಮೊಲದ ಕಥೆಯನ್ನು ಚಿತ್ರಗಳೊಡನೆ ಪತ್ರರೂಪವಾಗಿ ಬರೆದು ಕಳುಹಿಸಿದರು. ಮುಂದೆ ಪ್ರಕಾಶಕರು ನಿರಾಕರಿಸಿದಾಗ ೧೯೦೧ರಲ್ಲಿ ತಾವೇ ೨೫೦ ಪ್ರತಿಗಳನ್ನು ಅಚ್ಚು ಹಾಕಿಸಿದರು. ವರ್ಣಚಿತ್ರಗಳ ಪ್ರಕಟಣೆಯು ೧೯೦೨ರಲ್ಲಿ ಆಯಿತು. ಪುಸ್ತಕವು ಮಗುವಿನ ಕೈಗೆ ಹಿಡಿಸುವಷ್ಟು ಚಿಕ್ಕದು.

ಕಥೆಯ ಮೊದಲಿನಲ್ಲಿ ತಾಯಿಮೊಲವು ನಾಲ್ಕು ಮರಿಗಳಿಗೆ, ನೆರೆಯ ತೋಟಕ್ಕೆ ಹೋಗಬೇಡಿರೆಂದು ಬುದ್ಧಿ ಹೇಳುವುದು. ಮಾತಿನಲ್ಲಿ ಇರುವುದು ತಾಯಿಯ ಎಚ್ಚರಿಕೆ ಮಾತ್ರ. ಪೀಟರನು ತುಂಟನೆಂಬುದನ್ನು ಇನ್ನೂ ಹೇಳಿಲ್ಲ. ಎದುರಿನ ಚಿತ್ರದಲ್ಲಿ ಮೂವರು ತಂಗಿಯರು ತಾಯಿಗೆ ಒತ್ತಿಕೊಂಡು ಕೇಳುತ್ತಿರುವರು. ನೀಲಿ ಅಂಗಿಯ ಪೀಟರನು ಅತ್ತ ಬೆನ್ನು ತಿರುಗಿಸಿ ನಿಂತಿರುವನು. ಅಕ್ಷರ ಬಾರದ ಮಗುವಿಗೆ ಮುಂದಿನ ಕಥೆಯೆಲ್ಲವೂ ಆ ಬೆನ್ನಿನಲ್ಲಿ ತಿಳಿದುಹೋಗುವುದು; ಓದಿ ಹೇಳುತ್ತಿರುವ ಹಿರಿಯರು ಅದನ್ನು ಗಮನಿಸದೆ ಹಾಳೆ ತಿರುವುವುದೂ ಉಂಟು. ಇಲ್ಲಿ ಮಗುವೇ ಹಿರಿಯರಿಗಿಂತ ಹೆಚ್ಚಿನ ಸಹೃದಯ.

ತೋಟಕ್ಕೆ ನುಗ್ಗಿದ ಪೀಟರನು ಪಾದರಕ್ಷೆಗಳನ್ನು ಕಳೆದುಕೊಂಡು ನಾಲ್ಕು ಕಾಲಿನಲ್ಲಿ ಓಡುವನು. ಬಲೆಗೆ ಅಂಗಿಯ ಹಿತ್ತಾಳೆಯ ಗುಂಡಿಗಳು ಸಿಕ್ಕಿಕೊಳ್ಳಲು ಅಂಗಿಯನ್ನೂ ಬಿಡುವನು. ಅಲ್ಲಿಂದಾಚೆಗೆ ಮಾತು ಅವನನ್ನು ಪೀಟರನೆಂದೇ ಕರೆಯುತ್ತಿದ್ದರೂ ಚಿತ್ರದಲ್ಲಿರುವುದು ಬರಿಯ ಮೊಲ, ಬೇಟೆಗೆ ಸಿಕ್ಕಿದ ಒಂದು ಪ್ರಾಣಿ. ಕಾಮಸೂತ್ರದ ವ್ಯಾಖ್ಯಾನದಲ್ಲಿ ಯಶೋಧರನು ಹೇಳುವ ಚಿತ್ರದ ಷಡಂಗಗಳಲ್ಲಿ ರೂಪಭೇದವು ಮೊದಲನೆಯದು. ಒಂದೇ ಪಾತ್ರದಲ್ಲಿ ಬಾಲಕನ ರೂಪವನ್ನೂ ಮೃಗದ ರೂಪವನ್ನೂ ಅಂಗಿಯೊಂದರಿಂದ ಭೇದಿಸಿ ತೋರಿಸಿರುವುದು ಆ ಅಂಗದ ಸಾರ್ಥಕ ಪ್ರಯೋಗವಾಗಿದೆ. ತಂದೆಯು ಆ ತೋಟದಲ್ಲಿಯೇ ಸಿಕ್ಕಿ ಊಟದ ಭಕ್ಷ್ಯವಾದನೆಂದು ತಾಯಿಯು ಮೊದಲು ಹೇಳಿದ್ದ ಮಾತು ಇಲ್ಲಿ ನೆನಪಾಗಿ ಮಗುವಿನ ಎದೆ ನಡುಗುವುದು.

ಚಿತ್ರವು ಮಾತನ್ನು ಮೀರುವುದು ಒಂದು ಬಗೆ. ಮಾತಿಗೆ ವಿರುದ್ಧವಾಗಿ ಸಾಕ್ಷಿ ಹೇಳುವುದು ಇನ್ನೊಂದು. ಅಮೆರಿಕದ ಮಾರಿಸ್ ಸೆಂಡಾಕ್ (೧೯೨೮–೨೦೧೨) ಅವರು ೧೯೬೩ರಲ್ಲಿ ಪ್ರಕಟಿಸಿದ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್' ಎಂಬ ಪುಸ್ತಕದಲ್ಲಿ, ತುಂಟತನಕ್ಕಾಗಿ ಊಟವಿಲ್ಲದೆ ಕೋಣೆಗೆ ಅಟ್ಟಲ್ಪಟ್ಟ ಮ್ಯಾಕ್ಸನೆಂಬ ಬಾಲಕನು ಸಮುದ್ರವನ್ನು ದಾಟಿ ವಿಕಟಮೃಗಗಳಿಗೆ ರಾಜನಾಗಿ, ಮರಳಿ ಬರುವನು. ಮೊದಲನೆಯ ಚಿತ್ರವು ಅಗಲವಾದ ಬಿಳಿಯ ಅಂಚಿನೊಳಗೆ ಕುಗ್ಗಿರುವುದು. ಕೋಣೆಯಲ್ಲಿ ಕಾಡು ಬೆಳೆದಂತೆಲ್ಲ ಚಿತ್ರವೂ ಬೆಳೆದು ಅಂಚನ್ನು ನುಂಗಿ, ಎದುರಿನ ಪುಟಕ್ಕೂ ಹರಿದು, ಕೊನೆಗೆ ಮೃಗಗಳ ಕುಣಿತದಲ್ಲಿ ಮೂರು ಜೋಡಿಪುಟಗಳಿಂದ ಮಾತನ್ನು ಸಂಪೂರ್ಣವಾಗಿ ಹೊರಗೆ ಹಾಕುವುದು. ಹಿಂದಿರುಗುವಾಗ ಮಾತು ಮತ್ತೆ ತನ್ನ ಸ್ಥಾನವನ್ನು ಪಡೆಯುವುದು. ಆದರೂ ಕೊನೆಯ ಚಿತ್ರದ ಕೋಣೆಯು ಮೊದಲಿನಂತೆ ಅಂಚಿನೊಳಕ್ಕೆ ಕುಗ್ಗದೆ ಪುಟವನ್ನೆಲ್ಲ ತುಂಬಿಯೇ ಇರುವುದು.

ಹುಡುಗನಿಗಾಗಿ ಊಟವು ಕಾದಿದ್ದಿತು, ಅದು ಇನ್ನೂ ಬಿಸಿಯಾಗಿದ್ದಿತು ಎಂದು ಮಾತು ತಿಳಿಸುವುದು. ಎಂದರೆ ಕಳೆದುದು ಸ್ವಲ್ಪವೇ ಹೊತ್ತು. ಆದರೆ ಅವನು ಕೋಣೆಗೆ ಬಂದಾಗ ಕಿಟಕಿಯಲ್ಲಿ ಎಳೆಚಂದ್ರನಿದ್ದನು, ಮರಳಿದಾಗ ಪೂರ್ಣಚಂದ್ರನಿರುವನು. ಮಾತನ್ನು ನಂಬಿದರೆ ಪ್ರಯಾಣವು ಸುಳ್ಳು. ಚಂದ್ರನನ್ನು ನಂಬಿದರೆ ಊಟದ ಬಿಸಿಯು ಅಸಂಭವ. ಎರಡನ್ನೂ ಒಟ್ಟಿಗೆ ಹಿಡಿದಾಗಲೇ, ಬಾಲಕನ ಕೋಪವು ಎಷ್ಟು ದೂರ ಹೋಗಿ ಬಂದಿತೆಂಬುದೂ, ತಾಯಿಯ ವಾತ್ಸಲ್ಯವು ಅಷ್ಟರಲ್ಲಿ ತಣ್ಣಗಾಗಲಿಲ್ಲವೆಂಬುದೂ ಹೊಳೆಯುವುವು. ಆ ತಾಯಿಯನ್ನು ಸೆಂಡಾಕರು ಒಂದು ಪುಟದಲ್ಲಿಯೂ ಬರೆದಿಲ್ಲ. ಬಿಸಿಯೂಟದ ಕಡೆಯ ಮಾತಿಗೆ ಚಿತ್ರವೂ ಇಲ್ಲ. ಎಲ್ಲಿ ಸುಮ್ಮನಿರಬೇಕೆಂಬುದನ್ನು ಅರಿತ ಚಿತ್ರಕಾರನು ಇವರು.

ನಮ್ಮ ದೇಶದ ಓದುಗರ ಮನಸ್ಸಿನಲ್ಲಿ ನಿಂತಿರುವ ಒಂದು ಚಿತ್ರವನ್ನೂ ಇದೇ ನಿಕಷಕ್ಕೆ ಒಡ್ಡಿ ನೋಡೋಣ. ಬಿ. ನಾಗಿರೆಡ್ಡಿ, ಚಕ್ರಪಾಣಿ ಇವರು ೧೯೪೭ರಲ್ಲಿ ತೆಲುಗು ತಮಿಳುಗಳಲ್ಲಿ ಆರಂಭಿಸಿದ 'ಚಂದಮಾಮ'ವು ಬಳಿಕ ಕನ್ನಡದಲ್ಲಿಯೂ ದೀರ್ಘಕಾಲ ಹೊರಟಿತು. ಅದರ ಬೇತಾಳಕಥೆಗಳಿಗೆ 'ಶಂಕರ್' ಎಂದು ಪ್ರಸಿದ್ಧರಾದ ಕೆ. ಸಿ. ಶಿವಶಂಕರನ್ (೧೯೨೪–೨೦೨೦) ಅವರು ಬರೆದ, ಕತ್ತಿ ಹಿಡಿದು ಹೆಗಲ ಮೇಲೆ ಶವವನ್ನು ಹೊತ್ತು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರವನ್ನು ಇಂದಿನ ಮುದುಕರೂ ನೆನೆಯುವರು. ಪ್ರತಿ ತಿಂಗಳೂ ಕಥೆಯು ಬೇರೆಯಾಗುತ್ತಿದ್ದಿತು. ಈ ದೃಶ್ಯವು ಮಾತ್ರ ಪಲ್ಲವಿಯಂತೆ ಮರಳುತ್ತಿದ್ದಿತು. ಅದೊಂದು ಬಗೆಯ ಪುನರುಕ್ತಿಯೇ ಅಲ್ಲವೆ ಎಂದರೆ, ಅಲ್ಲ. ಮೌನವನ್ನು ಮುರಿಯಬಾರದೆಂಬುದು ಅರಸನ ನಿಯಮ. ಕಥೆಯ ಕೊನೆಯಲ್ಲಿ ಮಾತು ಅದನ್ನು ಮುರಿಸುವುದು, ಶವವು ಮರಕ್ಕೆ ಹಾರುವುದು. ಚಿತ್ರದಲ್ಲಾದರೋ ಅರಸನು ಎಂದಿಗೂ ಮಾತನಾಡಲಾರನು. ಮಾತಿನಲ್ಲಿ ತಿಂಗಳು ತಿಂಗಳೂ ಸೋಲುವ ನಿಯಮವು ಚಿತ್ರದಲ್ಲಿ ಅಖಂಡವಾಗಿ ಉಳಿಯುವುದು. ಸೋತರೂ ಬಿಡದೆ ಮತ್ತೆ ಮರದ ಬಳಿಗೆ ನಡೆಯುವ ಧೈರ್ಯವೇ ಆ ಕಥಾಮಾಲೆಯ ಸ್ಥಾಯಿಯಾದುದರಿಂದ, ಅದನ್ನು ಪ್ರತಿ ಸಲವೂ ಹೇಳುವ ಭಾರವು ಚಿತ್ರದ ಹೆಗಲಿಗೆ ಬಂದಿದೆ.

ಹೀಗಿರಲು, ಕಲ್ಪನೆಯು ಕುಂದುವುದೆಂಬ ಆಕ್ಷೇಪಕ್ಕೆ ಬೆಲೆಯೇ ಇಲ್ಲವೆ? ಇದೆ; ಅದು ಕೆಟ್ಟ ಚಿತ್ರಗಳ ವಿಷಯದಲ್ಲಿ ಪೂರ್ಣವಾಗಿ ಸತ್ಯ. ಮಾರುಕಟ್ಟೆಯಲ್ಲಿ ರಾಶಿ ರಾಶಿಯಾಗಿ ದೊರೆಯುವ ನೀತಿಕಥೆಗಳ ಪುಸ್ತಕಗಳಲ್ಲಿ ಸಿಂಹಕ್ಕೂ ಇಲಿಗೂ ಒಂದೇ ನಗು, ಎಲ್ಲ ಕಾಡುಗಳಿಗೂ ಒಂದೇ ಹಸುರು. ಷಡಂಗಗಳಲ್ಲಿ ವರ್ಣಿಕಾಭಂಗವೊಂದು ಮಾತ್ರ ಅಲ್ಲಿ ಅತಿಯಾಗಿ ಮೆರೆದು, ಭಾವವು ಲೋಪವಾಗಿದೆ. ಅಂತಹ ಪುಸ್ತಕಕ್ಕಿಂತ ಚಿತ್ರವಿಲ್ಲದ ಪಂಚತಂತ್ರವೇ ಮೇಲೆಂದು ನಾವು ಈಗಲೂ ಹೇಳುವೆವು. ಆದರೆ ಈ ದೋಷದ ಹೊಣೆಯು ಚಿತ್ರಕಾರರೊಬ್ಬರದೇ ಅಲ್ಲ. ಕಥೆಯನ್ನು ಪೂರ್ತಿಯಾಗಿ ಓದಲು ಕೊಡದೆ, 'ಇಲ್ಲಿ ಆನೆ, ಅಲ್ಲಿ ಮರ' ಎಂದು ಪಟ್ಟಿ ಬರೆದುಕೊಟ್ಟವರಿಗೆ ಆನೆಯೂ ಮರವೂ ಮಾತ್ರ ದೊರೆಯುವುವು.

ಶಬ್ದಾರ್ಥಗಳ ಸಹಭಾವವನ್ನೇ ಭಾಮಹನು ಕಾವ್ಯವೆಂದನು. ಬಾಲಕಥೆಯಲ್ಲಿ ಶಬ್ದ, ಅರ್ಥ, ಚಿತ್ರ ಈ ಮೂರರ ಸಹಭಾವವು ಬೇಕು. ಅವುಗಳಲ್ಲಿ ಒಂದನ್ನು ತೆಗೆದರೆ ಉಳಿದುವು ಕುಂಟಬೇಕು. ಪುಸ್ತಕವನ್ನು ಪರೀಕ್ಷಿಸುವವರಿಗೆ ಸುಲಭವಾದ ಉಪಾಯವಿದು: ಚಿತ್ರವನ್ನು ಕೈಯಿಂದ ಮುಚ್ಚಿ ಕಥೆಯನ್ನು ಓದಿ ನೋಡುವುದು. ಏನೂ ಕಡಮೆಯಾಗದಿದ್ದರೆ ಆ ಚಿತ್ರವು ಬೇಡ. ಕಡಮೆಯಾದರೆ, ಅದನ್ನು ಬರೆದವರ ಹೆಸರು ಲೇಖಕನ ಹೆಸರಿನ ಪಕ್ಕದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಅಚ್ಚಾಗತಕ್ಕದ್ದು. ನಮ್ಮ ಗ್ರಂಥವಿಮರ್ಶೆಗಳಲ್ಲಿಯೂ ಅವರ ಕೃತಿಗೆ ಒಂದು ವಾಕ್ಯದ ಶ್ಲಾಘನೆಯಲ್ಲದೆ ಗುಣದೋಷಗಳ ವಿಚಾರವೂ ಸಲ್ಲತಕ್ಕದ್ದು.