ಚಹಾದ ಬಟ್ಟಲು, ಕಾಫಿಯ ಚಿಪ್ಪು

ಜಪಾನಿನ ಕ್ಯೋಟೊ ನಗರದ ಝೆನ್ ಮಠವೊಂದರಲ್ಲಿ ಮಣ್ಣಿನ ಬಟ್ಟಲೊಂದಿದೆ. ಹೆಸರು ಕಿಜಾಯೆಮೊನ್. ಅದು ಅಲ್ಲಿನ ರಾಷ್ಟ್ರೀಯ ನಿಧಿ. ಈ ಬಟ್ಟಲನ್ನು ಕುರಿತು ಸೊಯೆತ್ಸು ಯಾನಗಿ 1931ರಲ್ಲಿ ಬರೆದ ಲೇಖನ 1972ರಲ್ಲಿ ಇಂಗ್ಲಿಷ್ ಪುಸ್ತಕವೊಂದರಲ್ಲಿ ಸೇರಿತು. ಅವರ ವಾದ ಇಷ್ಟು: ಇದು ಹದಿನಾರನೇ ಶತಮಾನದ ಕೊರಿಯಾದ ಬಡ ಕುಂಬಾರ ಬಡವರ ಅನ್ನಕ್ಕೆಂದು ಮಾಡಿದ ಅಗ್ಗದ ಬಟ್ಟಲು, ಚೆಂದ ಮಾಡಬೇಕೆಂಬ ಹಮ್ಮಿಲ್ಲದ್ದರಿಂದಲೇ ಚೆಂದವಾಗಿದೆ.

ಚಿಕ್ಕಮಗಳೂರಿನ ಕಾಫಿ ಬೆಟ್ಟದ ನಮಗೆ ಇದ್ಯಾಕೆ ಅಂತೀರಾ? ಬಡವರ ಬಟ್ಟಲನ್ನು ಚೆಲುವೆಂದು ಹೊಗಳುವ ಮಾತು ಬಂದಲ್ಲೆಲ್ಲ ನಮಗೆ ಕೆಲಸವಿದೆ.

ಯಾನಗಿಯವರ ಮಾತು ಅರ್ಧ ನಿಜ. ದುಡಿಯುವ ಕೈಯನ್ನು ಕಲೆಯ ನಡುಮನೆಗೆ ಕರೆದವರು ಅವರು. ಕೊರಿಯಾ ಜಪಾನಿನ ಅಡಿಯಾಳಾಗಿದ್ದಾಗ, 1922ರಲ್ಲಿ, ಅಲ್ಲಿನ ಅರಮನೆಯ ಹೆಬ್ಬಾಗಿಲನ್ನು ಕೆಡವಬೇಡಿ ಎಂದು ಬರೆದವರೂ ಅವರೇ. ಉಳಿದ ಅರ್ಧ? ಕಿಜಾಯೆಮೊನ್ ಕುಂಬಾರನ ಹೆಸರಲ್ಲ. ಬಟ್ಟಲಿನ ಒಡೆಯನಾಗಿದ್ದ ಒಸಾಕದ ವರ್ತಕನ ಹೆಸರು. ತಿಗರಿ ತಿರುಗಿಸಿದವನು ಯಾರೋ. ಅನಾಮಿಕ ಕುಶಲಕರ್ಮಿ ಅಂತ ಹೊಗಳೋದು ಸುಲಭ ಸ್ವಾಮಿ. ಹೆಸರು ಬೇಡ ಅಂತ ಅವನೇನು ಅರ್ಜಿ ಹಾಕಿದ್ದನೆ? 1592ರಲ್ಲಿ, ಮತ್ತೆ 1597ರಲ್ಲಿ ಹಿದೆಯೋಶಿಯ ದಂಡು ಕೊರಿಯಾಕ್ಕೆ ನುಗ್ಗಿ ಕುಂಬಾರರನ್ನೇ ಸೆರೆಹಿಡಿದು ತಂದಿತು. ಅರಿತ, ಹಾಗಿ, ಸತ್ಸುಮ ಎಂದು ಇವತ್ತು ಹೆಸರು ಮಾಡಿರುವ ಆವಿಗೆಗಳ ಬುಡದಲ್ಲಿ ಇರುವುದು ಆ ಸೆರೆಯಾಳುಗಳ ಕೈ.

ಇನ್ನೊಂದು ಬಗೆ ರಾಕು ಬಟ್ಟಲು. 1580ರ ದಶಕದಲ್ಲಿ ಸೆನ್ ನೊ ರಿಕ್ಯು ಎಂಬ ಚಹಾ ಗುರುವಿಗಾಗಿ ಚೋಜಿರೊ ಮಾಡಿದ್ದು. ತಿಗರಿಯಿಲ್ಲ. ಮಣ್ಣನ್ನು ಅಂಗೈಯಲ್ಲೇ ಎತ್ತಿ, ಕೊರೆದು, ಆವಿಗೆಯಲ್ಲಿ ಕೆಂಪಗೆ ಉರಿಯುತ್ತಿರುವಾಗಲೇ ಇಕ್ಕಳದಲ್ಲಿ ಹಿಡಿದು ಹೊರತೆಗೆಯುತ್ತಾರೆ. ಕಪ್ಪು ಬಣ್ಣ. ಗೋಡೆ ದಪ್ಪ, ಕೈ ಸುಡದು. ಅಡಿಯಲ್ಲಿ ಒಂದು ಬಳೆ, ನೆಲಕ್ಕೆ ಭದ್ರವಾಗಿ ಕೂರುತ್ತದೆ. ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕಾದ ಬಟ್ಟಲು.

ನಮ್ಮನ್ನು ಬೆರಗು ಮಾಡುವುದು ಆ ಕಪ್ಪಲ್ಲ, ಕುಡಿಯುವ ರೀತಿ. ಗಟ್ಟಿ ಚಹಾವನ್ನು ಅತಿಥಿಗಳೆಲ್ಲ ಒಂದೇ ಬಟ್ಟಲಲ್ಲಿ ಕುಡಿಯುತ್ತಾರೆ. ಒಬ್ಬರು ಗುಟುಕರಿಸಿ, ಅಂಚು ಒರೆಸಿ, ಪಕ್ಕದವರ ಕೈಗೆ ಕೊಡುತ್ತಾರೆ. ಎಂಜಲು! ನಮ್ಮ ಮಡಿವಂತರು ಕೇಳಿದರೆ ಬಾವಿಕಟ್ಟೆಗೆ ಓಡಿಯಾರು. ರಿಕ್ಯುವಿನ ಚಹಾಕೋಣೆಯ ಬಾಗಿಲು ಎಷ್ಟು ಗಿಡ್ಡ ಅಂದ್ರೆ, ಸಮುರಾಯಿಯೂ ಕತ್ತಿ ಹೊರಗಿಟ್ಟು ಮಂಡಿಯೂರಿ ಒಳಗೆ ಹೋಗಬೇಕು.

ಹಾಗಂತ ಅದೇನು ಸಮಾನತೆಯ ನಾಡಲ್ಲ. ಸತ್ತ ದನ, ತೊಗಲಿನ ಕೆಲಸದವರನ್ನು ಆ ದೇಶವೂ ಊರಾಚೆ ಇಟ್ಟಿತ್ತು. 1871ರಲ್ಲಿ ಕಾನೂನು ಆ ಕಟ್ಟನ್ನು ಬಿಚ್ಚಿತು, ಮನಸ್ಸು ಬಿಚ್ಚಲಿಲ್ಲ. 1922ರಲ್ಲಿ ಆ ಜನ ಸುಯಿಹೆಯಿಶಾ ಎಂಬ ಸಂಘಟನೆ ಕಟ್ಟಿದ್ದು ಇದೇ ಚಹಾದ ಊರು ಕ್ಯೋಟೊದಲ್ಲಿ.

ಇನ್ನು ನಮ್ಮ ಬಟ್ಟಲು. ಮೂಡಿಗೆರೆ, ಕಳಸದ ತೋಟಗಳಲ್ಲಿ ನಮ್ಮ ಅಜ್ಜ ಅಜ್ಜಿಯರಿಗೆ ದಕ್ಕಿದ್ದು ತೆಂಗಿನ ಚಿಪ್ಪು. ಹಣ್ಣು ಕೊಯ್ದವರು ಅವರು, ಕಣದಲ್ಲಿ ಹರಡಿದವರು ಅವರು, ಮೂಟೆ ಹೊತ್ತವರು ಅವರು. ಕಾಫಿ ಕುಡಿಯುವಾಗ ಮಾತ್ರ ಒಡೆಯರ ಹಿತ್ತಲಿಗೆ ಬಂದು, ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಚಿಪ್ಪು ತೆಗೆದು ಹಿಡಿಯಬೇಕು. ಮೇಲಿಂದ ಹೊಯ್ಯೋರು, ತಾಗಬಾರದಲ್ಲ! ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು. ಚಿಪ್ಪಿಗೆ ಅಡಿಯಿಲ್ಲ, ನೆಲಕ್ಕಿಟ್ಟರೆ ವಾಲಿ ಚೆಲ್ಲುತ್ತೆ. ಸುಡಲಿ ಬಿಡಲಿ, ಮುಗಿಯುವವರೆಗೂ ಕೈಯಲ್ಲೇ ಹಿಡಿದಿರಬೇಕು. ಹೋಟೆಲಿನ ಪಾತ್ರೆಯನ್ನು ಅಸ್ಪೃಶ್ಯತೆಯ ಹೆಸರಲ್ಲಿ ಯಾರಿಗೂ ನಿರಾಕರಿಸುವಂತಿಲ್ಲ ಎಂದು 1955ರ ಕಾಯಿದೆ ಹೇಳಿತು. ಹಿತ್ತಲಿನ ಸೂರಿಗೆ ಅದು ಸುಲಭಕ್ಕೆ ತಲುಪಲಿಲ್ಲ.

ಯಾನಗಿಯವರ ಅಳತೆಗೋಲು ಹಿಡಿದರೆ ಈ ಚಿಪ್ಪೂ ಚೆಲುವೇ: ಅಗ್ಗದ್ದು, ಬಡವರದು, ಹಮ್ಮಿಲ್ಲದ್ದು. ಆ ಅಳತೆಗೋಲು ಸಾಲದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ರಿಕ್ಯು ಬಡತನವನ್ನು ಆರಿಸಿಕೊಂಡ. ನಮ್ಮವರ ಕೈಗೆ ಅದನ್ನು ಎತ್ತಿ ಹೊಯ್ದರು. ಬಟ್ಟಲಿನ ವಿಮರ್ಶೆಯನ್ನು ನಾವು ಬಣ್ಣದಿಂದಲ್ಲ, ಅಂಚಿನಿಂದ ಶುರುಮಾಡುತ್ತೇವೆ: ಯಾರ ತುಟಿ ತಾಗಿದ ಮೇಲೆ ಯಾರ ತುಟಿ ತಾಗಬಹುದು?

ಈಗ ಅದೇ ಚಿಪ್ಪನ್ನು ಉಜ್ಜಿ, ನುಣುಪು ಮಾಡಿ, ಎಣ್ಣೆ ಸವರಿ, ಕರಕುಶಲ ವಸ್ತು ಎಂದು ಪ್ರವಾಸಿಗಳಿಗೆ ಮಾರುತ್ತಾರೆ. ವಾಲದಿರಲೆಂದು ಅಡಿಗೊಂದು ಬಳೆಯನ್ನೂ ಅಂಟಿಸಿದ್ದಾರೆ.