ಬೆಂಗಳೂರಿನ ಹಳೆಯ ಸೆರೆಮನೆಯೂ ಸ್ವಾತಂತ್ರ್ಯ ಉದ್ಯಾನವೂ

ಬೆಂಗಳೂರಿನ ಶೇಷಾದ್ರಿ ರಸ್ತೆಯ ಮಗ್ಗುಲಲ್ಲಿ ‘ಸ್ವಾತಂತ್ರ್ಯ ಉದ್ಯಾನ’ವೆಂದು ಪ್ರಸಿದ್ಧವಾಗಿರುವ ಸುಮಾರು 21 ಎಕರೆಗಳ ಸ್ಥಳವು 1867ರಿಂದ ಮೊದಲ್ಗೊಂಡು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಕೇಂದ್ರ ಕಾರಾಗೃಹವಾಗಿದ್ದಿತು. ಇದರ ಚರಿತ್ರೆಯನ್ನು 1975ರ ತುರ್ತುಪರಿಸ್ಥಿತಿಯಿಂದಲೇ ತೊಡಗುವ ರೂಢಿಯುಂಟು. ಅದು ಅರ್ಧ ಸತ್ಯವು. ಇಂಗ್ಲಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯಭಾರವನ್ನು ಕಿತ್ತುಕೊಂಡು, 1881ರವರೆಗೆ ಮೈಸೂರು ಸೀಮೆಯನ್ನು ಕಮಿಷನರರ ಮೂಲಕ ಆಳಿದರು. ಸೆರೆಮನೆಯೆದ್ದಾಗ ಲೂಯಿನ್ ಬೌರಿಂಗನು ಕಮಿಷನರನು. ಪ್ರಜಾಪ್ರತಿನಿಧಿ ಸಭೆಯು ಇನ್ನೂ ಹುಟ್ಟಿರಲಿಲ್ಲ. ಒಬ್ಬನ ಆಳ್ವಿಕೆಯೆಂಬುದು ಈ ಕಟ್ಟಡಕ್ಕೆ ಹುಟ್ಟಿನಿಂದಲೇ ಬಂದುದು.

ಅದರ ರಚನೆಯೂ ಇದಕ್ಕೆ ಒಪ್ಪುವಂತಿದೆ. ನಡುವೆ ಕಾವಲುಗೋಪುರ, ಅದರ ಸುತ್ತ ಚಕ್ರದ ಅರೆಗಳಂತೆ ಹರಡಿದ ಕೈದಿಗಳ ಸಾಲುಮನೆಗಳು. ಇದನ್ನು 1791ರಲ್ಲಿ ಪ್ರಕಟವಾದ ಬೆಂಥಾಮನ ಯೋಜನೆಯ ಪ್ರತಿರೂಪವೆಂದು ಹೇಳುವುದುಂಟು. ಆದರೆ ಬೆಂಥಾಮನದು ಗೋಪುರದ ಕಡೆಗೆ ಮೊಗಮಾಡಿದ ಕೋಣೆಗಳ ವರ್ತುಲವು. ಇಲ್ಲಿಯದು ಅರೆಗಳ ವಿನ್ಯಾಸವು. ಅಭಿಪ್ರಾಯವು ಹತ್ತಿರದ್ದಾದರೂ ಯಥಾವತ್ತಾದ ಅನುಕರಣವೆನ್ನುವುದು ಸಲ್ಲದು.

1975ರ ಜೂನ್ 25ರಂದು ತುರ್ತುಪರಿಸ್ಥಿತಿಯು ಘೋಷಿತವಾದಾಗ, ಸಂಸತ್ತಿನ ಸಮಿತಿಯೊಂದರ ಕಾರ್ಯಕ್ಕಾಗಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರು ಬೆಂಗಳೂರಿಗೆ ಬಂದಿದ್ದರು. ಮರುದಿನವೇ ಅವರ ಬಂಧನವಾಯಿತು. ಅವರು ನ್ಯಾಯ ಬೇಡಿದುದು ಅಠಾರಾ ಕಚೇರಿಯಲ್ಲಿ. ಎಂದರೆ ಬೌರಿಂಗನ ಕಾಲದಲ್ಲಿಯೇ 1868ರಲ್ಲಿ ಮುಗಿದ ಇನ್ನೊಂದು ಸರಕಾರಿ ಕಟ್ಟಡದಲ್ಲಿ. ಒಂದೇ ಆಳ್ವಿಕೆಯ ಎರಡು ಕಟ್ಟಡಗಳಲ್ಲಿ ಒಂದು ಹಿಡಿದಿಡುತ್ತಿದ್ದಿತು, ಇನ್ನೊಂದು ಬಿಡಿಸಬೇಕಾಗಿದ್ದಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಕರ್ನಾಟಕದ್ದೂ ಸೇರಿದಂತೆ ಹಲವು ಹೈಕೋರ್ಟುಗಳಿಂದ ಬಂದ ಮೊಕದ್ದಮೆಗಳಲ್ಲಿ, ಬಂಧಿತರಿಗೆ ಬಿಡುಗಡೆಯ ಅರ್ಜಿಯ ಹಕ್ಕೇ ಇಲ್ಲವೆಂದು ತೀರ್ಮಾನಿಸಿ ಆ ಬಾಗಿಲನ್ನೂ ಮುಚ್ಚಿತು. 2017ರಲ್ಲಿ ಆ ತೀರ್ಪನ್ನು ತಳ್ಳಿಹಾಕಿದ ಮೊಕದ್ದಮೆಗೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಹೆಸರಿರುವುದನ್ನು ವಾಚಕರು ಲಕ್ಷಿಸಬಹುದು.

ಪ್ರಸಿದ್ಧರ ಸೆರೆವಾಸವು ಹೆಚ್ಚಾಗಿ ಸ್ಮರಿಸಲ್ಪಡುತ್ತದೆ. ‘ಸಂಸ್ಕಾರ’ ಚಲಚ್ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರದು ಬೇರೆ ಬಗೆಯದು. 1976ರ ಮೇ ತಿಂಗಳಿನಿಂದ ವಿಚಾರಣೆಯಿಲ್ಲದೆ ಇಲ್ಲಿದ್ದ ಅವರನ್ನು ಉಬ್ಬಸವು ಜೀರ್ಣಗೊಳಿಸಿತು. 1977ರ ಜನವರಿಯಲ್ಲಿ ಬಿಟ್ಟರು; ಆ ತಿಂಗಳಲ್ಲಿಯೇ ಅವರು ತೀರಿಕೊಂಡರು.

ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಮ್ಯಾಥ್ಯೂ ಮತ್ತು ಘೋಷ್ ಎಂಬ ವಾಸ್ತುಶಿಲ್ಪಿಗಳ ವಿನ್ಯಾಸದಂತೆ ಉದ್ಯಾನವು ಸಿದ್ಧವಾಗಿ, 2008ರ ನವೆಂಬರದಲ್ಲಿ ತೆರೆಯಿತು. ಗೋಪುರವನ್ನೂ ಕೆಲವು ಸಾಲುಮನೆಗಳನ್ನೂ ಕೆಡವದೆ ಉಳಿಸಿದುದು ಶ್ಲಾಘ್ಯವು. ಚರಿತ್ರೆಯನ್ನು ಅಳಿಸಿ ಬರಿಯ ಹುಲ್ಲುಹಾಸನ್ನು ಹಾಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪ್ರತಿಭಟನೆಗೆಂದು ಒಂದು ಮೈದಾನವನ್ನು ಬಿಟ್ಟುದೂ ಒಳ್ಳೆಯ ಕಲ್ಪನೆಯೇ. ಸೆರೆಯಿದ್ದಲ್ಲಿ ಮಾತು ಬಂದಿತು.

ಆಕ್ಷೇಪವಿರುವುದು ತರುವಾಯದ ಬೆಳವಣಿಗೆಗೆ. 2021ರ ಪೊಲೀಸು ಆದೇಶದಿಂದ ಬೆಂಗಳೂರು ನಗರದ ಪ್ರತಿಭಟನೆಗಳು ಈ ಉದ್ಯಾನಕ್ಕೇ ಸೀಮಿತವಾದುವು. ವಾಹನಸಂಚಾರದ ತೊಡಕು ಕಾರಣವೆಂದರು, ತೊಡಕೇನೋ ನಿಜವೇ. ಆದರೆ ಅನುಮತಿಸಿದ ಒಂದು ಸ್ಥಳವಿರುವುದು ಬೇರೆ, ಅದೊಂದೇ ಸ್ಥಳವಿರುವುದು ಬೇರೆ. ವಾಸ್ತುಶಿಲ್ಪಿಗಳು ತೆರೆದಿಟ್ಟ ನೆಲಕ್ಕೆ ಆದೇಶವು ಮರಳಿ ಆವರಣವನ್ನು ಕಟ್ಟಿದೆ. ವಿಧಾನಸೌಧದ ಮುಂದೆ ಮಂತ್ರಿಗಳಿಗೆ ಕೇಳಿಸಬೇಕಾದ ಅಹವಾಲನ್ನು ಹೊತ್ತು ದೂರದ ಜಿಲ್ಲೆಗಳಿಂದ ಬರುವ ರೈತರೂ ಅಂಗನವಾಡಿಯ ಹೆಂಗಸರೂ ಅದನ್ನು ಬೌರಿಂಗನ ಕಾಲದ ಸೆರೆಮನೆಯ ನೆಲದಲ್ಲಿ ಕುಳಿತು ಹೇಳಬೇಕಾಗಿದೆ.